ಕುಮಟಾ, ಅಂಕೋಲಾ ಕಡೆಯ ಜಾನಪದ ತಂಡಗಳಲ್ಲಿ ಹೊಸಬರು ಸೇರುವುದು ಹೇಗೆ?

ಪ್ರಶ್ನೆ (ಕುಮಟಾ)

ನಾನು ಮಂಡ್ಯ ಜಿಲ್ಲೆಯವಳು. ತಾಯಿಯೊಂದಿಗೆ ಸೋಬಾನೆ ಪದ ಹಾಡುತ್ತ ಬೆಳೆದಿದ್ದೇನೆ. ಕಳೆದ ಮಳೆಗಾಲದಲ್ಲಿ ವರ್ಗವಾಗಿ ಇಲ್ಲಿಗೆ ಬಂದ ಮೇಲೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತವನ್ನೂ ಗುಮಟೆ ವಾದ್ಯದ ನುಡಿತವನ್ನೂ ಮೊದಲ ಬಾರಿಗೆ ಕಂಡೆ. ಅಂದಿನಿಂದ ಈ ಪದಗಳನ್ನು ಕಲಿಯಬೇಕೆಂಬ ಆಸೆ ಬಲವಾಗಿದೆ. ಇಲ್ಲಿನ ತಂಡಗಳಿಗೆ ಸದಸ್ಯತ್ವ, ಶುಲ್ಕ, ವಾರದ ತಾಲೀಮು ಇರುತ್ತವೆಯೇ? ಸೇರಬೇಕೆಂದರೆ ಯಾರನ್ನು ಕೇಳಬೇಕು?

ಉತ್ತರ (ಅಂಕೋಲಾ)

ತಂಗಿ, ನಮ್ಮ ಕೊಪ್ಪದ (ಹಾಲಕ್ಕಿಗಳ ಕೇರಿಯ) ಸುಗ್ಗಿ ಮೇಳವು ಯಾರೋ ಕಟ್ಟಿದ ಸಂಘವಲ್ಲ. ಹೋಳಿ ಹುಣ್ಣಿಮೆಯ ಹಿಂದಿನ ದಿನಗಳಲ್ಲಿ ದೇವರಿಗೆ ಪೂಜೆ ಸಲ್ಲಿಸಿ, ತಲೆಗೆ ತುರಾಯಿ ಕಟ್ಟಿಕೊಂಡು ಮನೆಮನೆಗೆ ಹೊರಡುವ ಆ ಮೇಳ ಹರಕೆಯೂ ಹೌದು, ಊರಿನ ಕಟ್ಟಳೆಯೂ ಹೌದು. ಯಾವಾಗ ಹೊರಡಬೇಕು, ಯಾರು ಹೋಗಬೇಕು ಎಂಬುದನ್ನು ಗೌಡರು, ಬುಧವಂತರು ಮೊದಲಾದ ಹಿರಿಯರು ಕೂತು ತೀರ್ಮಾನಿಸುತ್ತಾರೆ. ಕುಣಿಯುವವರು ಗಂಡಸರು. ಆದ್ದರಿಂದ ಅದಕ್ಕೆ ಸೇರುವ ದಾರಿಯನ್ನು ನಾನು ತಮಗೆ ಹೇಳಲಾರೆ.

ಆದರೆ ತಾವು ಕಲಿಯಬೇಕಾದದ್ದು ಹೆಂಗಸರ ಪದಗಳಲ್ಲಿ ಧಾರಾಳವಾಗಿದೆ. ಮದುವೆಯ ಪದ, ನೆಟ್ಟಿಯ (ಭತ್ತದ ನಾಟಿಯ) ಪದ, ಬೀಸುವ ಪದ, ಇವೆಲ್ಲ ಕೆಲಸದ ನಡುವೆಯೇ ಹುಟ್ಟಿ, ಕೆಲಸದ ನಡುವೆಯೇ ಬಾಯಿಂದ ಬಾಯಿಗೆ ಬಂದವು. ಒಬ್ಬರು ಸೊಲ್ಲೆತ್ತುತ್ತಾರೆ, ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ. ತಿರುಗಿ ಹೇಳುವವರ ಸಾಲಿನಲ್ಲಿ ಹೊಸಬರಿಗೂ ಜಾಗವಿರುತ್ತದೆ. ಬಡಿಗೇರಿಯ ಸುಕ್ರಿ ಬೊಮ್ಮಗೌಡರು 2017ರಲ್ಲಿ ಪದ್ಮಶ್ರೀ ಪಡೆದದ್ದು ಇಂಥ ಪದಗಳನ್ನು ನೆನಪಿನಲ್ಲಿಟ್ಟು ಹಾಡಿದ್ದಕ್ಕೆ. ಅವರು 2025ರಲ್ಲಿ ತೀರಿಕೊಂಡ ಮೇಲೆ, ಕಲಿಯಲು ಬರುವವರನ್ನು ಬಾಗಿಲಲ್ಲೇ ನಿಲ್ಲಿಸಬಾರದೆಂದು ನನಗೆ ಇನ್ನಷ್ಟು ಅನ್ನಿಸುತ್ತದೆ.

ಗುಮಟೆಯ ಬಗ್ಗೆ ಒಂದು ಮಾತು. ಅದು ಮಣ್ಣಿನ ಮಡಕೆ. ಒಂದು ಬಾಯಿಗೆ ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಉಡವನ್ನು ಹಿಡಿಯುವುದು ಅಪರಾಧ, ಹಾಗಾಗಿ ಈಗ ಆಡಿನ ಚರ್ಮ ಬಳಸುತ್ತಾರೆ. ನಾದ ಸ್ವಲ್ಪ ಬೇರೆ. ಉಡದ ಚರ್ಮದ್ದನ್ನು ಯಾರಾದರೂ ಮಾರಲು ಬಂದರೆ ದಯವಿಟ್ಟು ಕೊಳ್ಳಬೇಡಿ.

ಉತ್ತರ (ಶಿರಸಿ)

ಮೇಲಿನವರು ಹೇಳಿದ್ದು ಕೊಪ್ಪದ ಮೇಳದ ಕ್ರಮ. ನಮ್ಮದು ಸಹಕಾರ ಇಲಾಖೆಯ ನೋಂದಣಾಧಿಕಾರಿಗಳಲ್ಲಿ ನೋಂದಾಯಿಸಿದ ಸಂಘ, ನಾನು ಅದರ ಲೆಕ್ಕ ಬರೆಯುವವನು. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ 7 ಜನರಿದ್ದರೆ ಸಂಘ ಕಟ್ಟಬಹುದು. ವರ್ಷಕ್ಕೊಮ್ಮೆ ಸರ್ವಸಾಧಾರಣ ಸಭೆ ಕರೆದು ಲೆಕ್ಕ ಒಪ್ಪಿಸಬೇಕು. ನೋಂದಣಿ ಮತ್ತು ಲೆಕ್ಕಪರಿಶೋಧನೆಯ ಕಾಗದಗಳಿಲ್ಲದಿದ್ದರೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೆ ಅರ್ಜಿ ಹಾಕುವುದು ಕಷ್ಟ.

ನಮ್ಮಲ್ಲಿ ವಾರ್ಷಿಕ ಚಂದಾ ಅಲ್ಪ, ಪರೀಕ್ಷೆ ಇಲ್ಲ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ತಾಲೀಮು ನಿಂತೇ ಹೋಗುತ್ತದೆ, ಬೇಸಿಗೆಯಲ್ಲಿ ಮತ್ತೆ ಕೂಡುತ್ತೇವೆ. ಬನವಾಸಿಯ ಕದಂಬೋತ್ಸವ, ಕಾರವಾರದ ಕರಾವಳಿ ಉತ್ಸವದಂಥ ಕಡೆ ಬಂದ ಸಂಭಾವನೆಯಲ್ಲಿ ಮೊದಲು ಗಾಡಿಬಾಡಿಗೆ ಕಳೆದು, ಉಳಿದದ್ದನ್ನು ಮುಖ್ಯ ಗಾಯಕರಿಗೂ ತಾಳ ಹಾಕುವವರಿಗೂ ಸಮನಾಗಿ ಹಂಚಿ, ಒಂದು ಪಾಲನ್ನು ವಾದ್ಯಗಳ ದುರಸ್ತಿಗೆ ತೆಗೆದಿಡುತ್ತೇವೆ. ಈ ಹಂಚಿಕೆಯನ್ನು ಮೊದಲೇ ಬರೆದಿಡದ ತಂಡವೊಂದು ಒಂದೇ ಕಾರ್ಯಕ್ರಮದ ಹಣಕ್ಕಾಗಿ ಎರಡಾದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ತಾವು ಯಾವ ತಂಡ ಸೇರಿದರೂ ಇದನ್ನು ಮೊದಲ ದಿನವೇ ವಿಚಾರಿಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ವಂದನೆಗಳು. ಅಕ್ಕ, ಪದ ಮರೆತುಹೋಗದಿರಲೆಂದು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಬಹುದೇ?

ಉತ್ತರ (ಅಂಕೋಲಾ)

ಹಾಡುವ ಅಜ್ಜಿಯನ್ನೇ ಕೇಳಿ. ಹೆಚ್ಚಿನವರು ಒಪ್ಪುತ್ತಾರೆ, ಆದರೆ ಅದನ್ನು ಯೂಟ್ಯೂಬಿಗೆ ಹಾಕುವ ಮುನ್ನ ಇನ್ನೊಮ್ಮೆ ಬೇರೆಯಾಗಿ ಕೇಳಬೇಕು, ಹಾಡಿದವರ ಹೆಸರನ್ನೂ ಊರನ್ನೂ ಹಾಕಬೇಕು. ಮೊದಲ ಕೆಲವು ಸಲ ಮೊಬೈಲ್ ಚೀಲದಲ್ಲೇ ಇರಲಿ. ಈ ಬಾರಿ ನೆಟ್ಟಿಯ ಸಮಯಕ್ಕೆ ನಮ್ಮ ಗದ್ದೆಗೆ ಬನ್ನಿ, ತಿರುಗಿ ಹೇಳುವ ಸಾಲಿನಲ್ಲಿ ನನ್ನ ಪಕ್ಕ ನಿಲ್ಲಬಹುದು.