ಆಸ್ಟ್ರೇಲಿಯಾದ ಮಹಿಳಾ ರಗ್ಬಿ ಲೀಗ್ ತಂಡದ ಇತಿಹಾಸವನ್ನು ತಿಳಿದವರು ವಿವರಿಸುವಿರಾ?

ಬೆಟಗೇರಿ ಅಕ್ಕೋರು, ಗದಗ

ಎಲ್ಲರಿಗೂ ನಮಸ್ಕಾರ. ನಾನು ಗದಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದೇನೆ. 2025ರ ಮಾರ್ಚ್‌ನಲ್ಲಿ ಅಮೆರಿಕದ ಲಾಸ್ ವೇಗಸ್‌ನಲ್ಲಿ ಆಸ್ಟ್ರೇಲಿಯಾ ಮತ್ತು ಇಂಗ್ಲೆಂಡ್ ಮಹಿಳೆಯರ ನಡುವೆ ನಡೆದ ರಗ್ಬಿ ಲೀಗ್ ಪಂದ್ಯದ ತುಣುಕುಗಳನ್ನು ನಮ್ಮ ಕಬಡ್ಡಿ ತಂಡದ ಹುಡುಗಿಯರು ಮೊಬೈಲಿನಲ್ಲಿ ನೋಡಿದ್ದಾರೆ. ಆಸ್ಟ್ರೇಲಿಯಾ 90–4ರಿಂದ ಗೆದ್ದ ಪಂದ್ಯವದು. ಅಂದಿನಿಂದ ಪ್ರತಿದಿನ ಅಭ್ಯಾಸ ಮುಗಿದ ಮೇಲೆ ನನಗೆ ಪ್ರಶ್ನೆಗಳ ಸುರಿಮಳೆ: ಈ ‘ಜಿಲರೂಸ್’ ತಂಡ ಯಾವಾಗ ಹುಟ್ಟಿತು, ಅವರು ಬೇರೆ ಕೆಲಸ ಮಾಡುತ್ತಾರೆಯೇ ಅಥವಾ ಆಡುವುದೇ ಅವರ ಕೆಲಸವೇ, ಹೆಂಗಸರು ಇಂಥ ಮೈಮೇಲೆ ಬೀಳುವ ಆಟವನ್ನು ಆಡತೊಡಗಿದ್ದು ಈಚೆಗಷ್ಟೇ ಅಲ್ಲವೇ, ಇತ್ಯಾದಿ. ಕೊನೆಯ ಪ್ರಶ್ನೆಗೆ ಹೌದೆಂದು ಹೇಳಲು ಹೋಗಿ, ಖಚಿತವಿಲ್ಲದ ಕಾರಣ ತಡೆದುಕೊಂಡೆ.

ಶಾಲೆಯ ಭಿತ್ತಿಪತ್ರಿಕೆಗೆ ಇದನ್ನೇ ವಿಷಯವಾಗಿ ಬರೆಯೋಣವೆಂದು ಹುಡುಗಿಯರು ನಿರ್ಧರಿಸಿದ್ದಾರೆ. ರಗ್ಬಿಯಲ್ಲಿ ಎರಡು ಬಗೆಗಳಿವೆ ಎಂಬುದನ್ನು ಬಿಟ್ಟರೆ ನನಗೆ ಹೆಚ್ಚು ತಿಳಿಯದು. ದಯವಿಟ್ಟು ವಿವರವಾಗಿ ಬರೆಯಿರಿ.

ಸಾಧನಕೇರಿ ವಾಸಿ, ಧಾರವಾಡ

ಅಕ್ಕೋರೇ, ನಮಸ್ಕಾರ. ಕೆಲಸದ ನಿಮಿತ್ತ ಕೆಲವು ವರ್ಷ ಸಿಡ್ನಿಯಲ್ಲಿದ್ದುದರಿಂದ ಈ ಆಟವನ್ನು ಹತ್ತಿರದಿಂದ ನೋಡಿದ್ದೇನೆ. ಎರಡು ರಗ್ಬಿಗಳ ವಿಷಯವನ್ನು ಮೊದಲು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಪಂದ್ಯಕ್ಕಾಗಿ ಗಣಿ ಮತ್ತು ಗಿರಣಿಗಳ ಕೆಲಸ ಬಿಟ್ಟು ಬರುವ ಆಟಗಾರರಿಗೆ ಆ ದಿನದ ಕೂಲಿಯನ್ನು ತುಂಬಿಕೊಡಬೇಕೆಂದು ಉತ್ತರ ಇಂಗ್ಲೆಂಡಿನ ಕ್ಲಬ್‌ಗಳು ಕೇಳಿದವು. ಅದಕ್ಕೆ ಒಪ್ಪಿಗೆ ದೊರೆಯದೆ, 1895ರಲ್ಲಿ ಹಡರ್ಸ್‌ಫೀಲ್ಡ್ ಪಟ್ಟಣದ ಹೋಟೆಲೊಂದರಲ್ಲಿ ಸಭೆ ಸೇರಿ ಅವು ಬೇರೆಯಾದವು. ಹಾಗೆ ಬೇರೆಯಾದದ್ದೇ ಮುಂದೆ ರಗ್ಬಿ ಲೀಗ್ ಆಯಿತು. ಅವು ಬಿಟ್ಟುಬಂದ ಇನ್ನೊಂದು ಬಗೆಯಾದ ರಗ್ಬಿ ಯೂನಿಯನ್‌ನಲ್ಲಿ ತಂಡಕ್ಕೆ 15 ಜನ, ಲೀಗ್‌ನಲ್ಲಿ 13 ಜನ. ಸಿಡ್ನಿಯಲ್ಲಿ 1908ರಿಂದ ಲೀಗ್ ಪಂದ್ಯಾವಳಿ ನಡೆಯುತ್ತಿದೆ.

ಇನ್ನು ನಿಮ್ಮ ಹುಡುಗಿಯರ ಮುಖ್ಯ ಪ್ರಶ್ನೆಗೆ ಬರುತ್ತೇನೆ. ನೀವು ತಡೆದುಕೊಂಡದ್ದು ಒಳ್ಳೆಯದೇ ಆಯಿತು, ಏಕೆಂದರೆ ಮಹಿಳೆಯರು ಈಚೆಗಷ್ಟೇ ಆಡತೊಡಗಿದರು ಎಂಬುದು ನಿಜವಲ್ಲ. 1921ರ ಸೆಪ್ಟೆಂಬರ್ 17ರಂದು ಸಿಡ್ನಿಯ ಕೃಷಿ ಪ್ರದರ್ಶನ ಮೈದಾನದಲ್ಲಿ ಮೆಟ್ರೊಪಾಲಿಟನ್ ಬ್ಲೂಸ್ ಮತ್ತು ಸಿಡ್ನಿ ರೆಡ್ಸ್ ಎಂಬ ಎರಡು ಮಹಿಳಾ ತಂಡಗಳು ಆಡಿದವು. ನೋಡಲು ಬಂದವರು ಸುಮಾರು 20 ಸಾವಿರ ಜನ. ಬ್ಲೂಸ್ 21–11ರಿಂದ ಗೆದ್ದಿತು, ಮ್ಯಾಗಿ ಮಲೋನಿ ಎಂಬ ಯುವತಿ ನಾಲ್ಕು ಟ್ರೈ (ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತುವುದು) ಗಳಿಸಿದಳು. ಆ ಪಂದ್ಯದ ಸಂಘಟನೆಯ ಹಿಂದೆ ನಿಂತಿದ್ದವಳು ನೆಲ್ಲಿ ಡೊಹರ್ಟಿ. ಅಷ್ಟು ಜನ ಸೇರಿದ್ದನ್ನು ಕಂಡ ಮೇಲೂ ಆಟದ ಆಡಳಿತ ನಡೆಸುವವರು ಮಹಿಳೆಯರ ಬೆನ್ನಿಗೆ ನಿಲ್ಲಲಿಲ್ಲ, ಆಟ ಕ್ರಮೇಣ ಅಂಚಿಗೆ ಸರಿಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆಯು ತನ್ನ ಸದಸ್ಯ ಕ್ಲಬ್‌ಗಳ ಮೈದಾನಗಳಲ್ಲಿ ಮಹಿಳೆಯರ ಫುಟ್‌ಬಾಲನ್ನು ನಿಷೇಧಿಸಿತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಸಿಡ್ನಿಯಲ್ಲಿ ನಡೆದದ್ದು ಒಂದು ಊರಿನ ಅಧಿಕಾರಿಗಳ ಸಣ್ಣತನ ಮಾತ್ರವಲ್ಲ, ಆ ಕಾಲದ ಒಟ್ಟು ಮನೋಭಾವವೆಂದು ತಿಳಿಯುತ್ತದೆ.

ಮುಂದಿನ ಎಪ್ಪತ್ತು ವರ್ಷಗಳ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ. 1993ರಲ್ಲಿ ಆಸ್ಟ್ರೇಲಿಯಾದ ಮಹಿಳಾ ರಗ್ಬಿ ಲೀಗ್ ಸಂಸ್ಥೆ ಸ್ಥಾಪನೆಯಾಯಿತು, 1995ರಲ್ಲಿ ರಾಷ್ಟ್ರೀಯ ತಂಡವು ನ್ಯೂಜಿಲೆಂಡ್ ವಿರುದ್ಧ ಮೊದಲ ಟೆಸ್ಟ್ ಆಡಿತು. ಮರುವರ್ಷ ಬ್ರಿಟನ್ನಿನ ಮಹಿಳೆಯರು ಆಸ್ಟ್ರೇಲಿಯಾಕ್ಕೆ ಬಂದು ಸರಣಿಯನ್ನೇ ಗೆದ್ದುಕೊಂಡು ಹೋದರು. 90–4 ಎಂಬ ಅಂಕಿಯನ್ನು ನೋಡಿ ಬೆರಗಾದ ನಿಮ್ಮ ಹುಡುಗಿಯರಿಗೆ ಈ ಸಂಗತಿಯನ್ನು ತಪ್ಪದೇ ಹೇಳಿರಿ.

ವಿಶ್ವಕಪ್ ಆರಂಭವಾದದ್ದು 2000ನೆಯ ಇಸವಿಯಲ್ಲಿ. ಮೊದಲ ಮೂರು ಕಪ್‌ಗಳನ್ನು, ಅಂದರೆ 2000, 2003 ಮತ್ತು 2008ರವನ್ನು, ನ್ಯೂಜಿಲೆಂಡಿನ ‘ಕಿವಿ ಫರ್ನ್ಸ್’ ತಂಡವೇ ಗೆದ್ದಿತು. ಮೊದಲ ಎರಡು ಫೈನಲ್‌ಗಳಲ್ಲಿ ಆಸ್ಟ್ರೇಲಿಯಾ ಇರಲೇ ಇಲ್ಲ. 2003ರಲ್ಲಿ ನ್ಯೂಜಿಲೆಂಡಿನ ಎದುರಾಳಿಯಾಗಿದ್ದುದು ಅದೇ ದೇಶದ ಮಾವೋರಿ ತಂಡ. 2008ರಲ್ಲಿ ತನ್ನದೇ ನೆಲದಲ್ಲಿ ಫೈನಲ್ ಮುಟ್ಟಿದ ಆಸ್ಟ್ರೇಲಿಯಾ ಒಂದು ಅಂಕವನ್ನೂ ಗಳಿಸಲಾಗದೆ 34–0ರಿಂದ ಸೋತಿತು. ಕೊನೆಗೆ 2013ರ ಜುಲೈನಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದ ಹೆಡಿಂಗ್ಲಿಯಲ್ಲಿ 22–12ರಿಂದ ನ್ಯೂಜಿಲೆಂಡನ್ನು ಸೋಲಿಸಿ ಮೊದಲ ಕಪ್ ಎತ್ತಿತು. 2017ರಲ್ಲಿ ಬ್ರಿಸ್ಬೇನ್‌ನಲ್ಲಿ 23–16, 2022ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರಿನ ಓಲ್ಡ್ ಟ್ರ್ಯಾಫರ್ಡ್‌ನಲ್ಲಿ 54–4. ಮೂರರಲ್ಲೂ ಎದುರಾಳಿ ನ್ಯೂಜಿಲೆಂಡೇ. ಕೊನೆಯದು ಕೋವಿಡ್‌ನಿಂದ ಒಂದು ವರ್ಷ ಮುಂದಕ್ಕೆ ಹೋದದ್ದರಿಂದ ದಾಖಲೆಗಳಲ್ಲಿ 2021ರ ವಿಶ್ವಕಪ್ ಎಂದೇ ಇರುತ್ತದೆ. ಭಿತ್ತಿಪತ್ರಿಕೆಯಲ್ಲಿ ಬರೆಯುವಾಗ ಗೊಂದಲವಾಗದಿರಲಿ.

ಹಳೇ ಕ್ಯಾಚರ್, ಹುಬ್ಬಳ್ಳಿ

ಸಾಧನಕೇರಿಯವರು ಅಂಕಿಸಂಖ್ಯೆಗಳನ್ನು ಚೆನ್ನಾಗಿ ಕೊಟ್ಟಿದ್ದಾರೆ. ಆದರೆ ಅಕ್ಕೋರ ಹುಡುಗಿಯರು ಕಬಡ್ಡಿ ಆಡುವವರು. ಅವರಿಗೆ ಆಟದ ಒಳಗುಟ್ಟು ತಿಳಿಯದಿದ್ದರೆ ಈ ಅಂಕಗಳು ಬಾಯಿಪಾಠದ ಮಗ್ಗಿಯಾಗಿಬಿಡುತ್ತವೆ. ಹುಬ್ಬಳ್ಳಿಯ ಮೈದಾನಗಳಲ್ಲಿ ಬಹಳ ಕಾಲ ಕಬಡ್ಡಿ ಆಡಿದ ನನಗೆ ಈ ಆಟ ಬೇಗನೆ ಹಿಡಿಸಿತು. ಕಬಡ್ಡಿಯಲ್ಲಿ ರೈಡರನ್ನು ಹಿಡಿದು ಗೆರೆ ಮುಟ್ಟದಂತೆ ತಡೆದರೆ ದಾಳಿ ಮುಗಿಯಿತು. ರಗ್ಬಿ ಲೀಗ್‌ನಲ್ಲಿ ಚೆಂಡು ಹಿಡಿದವಳನ್ನು ಕೆಡವಿದರೆ ದಾಳಿ ಮುಗಿಯುವುದಿಲ್ಲ. ಅವಳು ಎದ್ದು ಚೆಂಡನ್ನು ನೆಲಕ್ಕಿಟ್ಟು ಕಾಲಿನಿಂದ ಹಿಂದಕ್ಕೆ ಉರುಳಿಸುತ್ತಾಳೆ, ಆಟ ಮುಂದುವರಿಯುತ್ತದೆ. ಆರನೆಯ ಟ್ಯಾಕಲ್ ಆದ ಮೇಲೆ ಚೆಂಡು ಎದುರಾಳಿಗಳ ಪಾಲು. ಆದ್ದರಿಂದ ಐದನೆಯದು ಆದೊಡನೆ ಸಾಮಾನ್ಯವಾಗಿ ಚೆಂಡನ್ನು ದೂರ ಒದೆಯುತ್ತಾರೆ. ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, ಅದಕ್ಕೆ ನಾಲ್ಕು ಅಂಕ. ನಂತರದ ಒದೆತ ಕಂಬಗಳ ನಡುವೆ ಹೋದರೆ ಇನ್ನೆರಡು.

ಇಲ್ಲಿ ದಣಿವಿನ ಲೆಕ್ಕ ಬಹಳ ದೊಡ್ಡದು. ಪ್ರತಿ ಟ್ಯಾಕಲ್ ಆದಾಗಲೂ ರಕ್ಷಣೆಯ ಸಾಲು ಹತ್ತು ಮೀಟರ್ ಹಿಂದಕ್ಕೆ ಓಡಿ ಮತ್ತೆ ಮುಂದಕ್ಕೆ ನುಗ್ಗಬೇಕು. ದಿನವಿಡೀ ಕಚೇರಿಯಲ್ಲೋ ಅಂಗಡಿಯಲ್ಲೋ ದುಡಿದು ಸಂಜೆ ಅಭ್ಯಾಸಕ್ಕೆ ಬರುವವರಿಗೂ, ವ್ಯಾಯಾಮ, ಆಹಾರ, ವಿಶ್ರಾಂತಿ ಎಲ್ಲವನ್ನೂ ಕ್ಲಬ್ಬೇ ನೋಡಿಕೊಳ್ಳುವವರಿಗೂ ನಡುವಿನ ಅಂತರ ಪಂದ್ಯದ ಮೊದಲ ಇಪ್ಪತ್ತು ನಿಮಿಷಗಳಲ್ಲಿ ಕಾಣುವುದಿಲ್ಲ, ಉತ್ತರಾರ್ಧದಲ್ಲಿ ಎದ್ದು ಕಾಣುತ್ತದೆ. ಇಂಗ್ಲೆಂಡಿನ ಆಟಗಾರ್ತಿಯರಲ್ಲಿ ಬಹುಪಾಲು ಅರೆಕಾಲಿಕರು. ಹಾಗಾಗಿ 90–4ನ್ನು ಆಸ್ಟ್ರೇಲಿಯಾದ ಶೌರ್ಯವೆಂದು ಮಕ್ಕಳ ಮುಂದೆ ಹಾಡಿ ಹೊಗಳುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ.

ಬೆಟಗೇರಿ ಅಕ್ಕೋರು, ಗದಗ

ಇಬ್ಬರಿಗೂ ಧನ್ಯವಾದಗಳು. 1921ರ ಪಂದ್ಯದ ವಿಷಯ ಕೇಳಿ ಹುಡುಗಿಯರು ಮೊದಲು ನಂಬಲೇ ಇಲ್ಲ. ಹುಬ್ಬಳ್ಳಿಯ ಸರ್ ಹೇಳಿದ್ದರಿಂದ ಇನ್ನೊಂದು ಪ್ರಶ್ನೆ ಹುಟ್ಟಿದೆ: ಹಾಗಾದರೆ ಆಸ್ಟ್ರೇಲಿಯಾದವರಿಗೆ ಸಂಬಳ ಯಾವಾಗಿನಿಂದ ಸಿಗುತ್ತಿದೆ? ಮೊದಲು ಆಡಿದವರು ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು? ಗದಗದ ಕ್ರೀಡಾ ವಸತಿ ನಿಲಯದಲ್ಲಿ ಕುಸ್ತಿ ಕಲಿತ ಹುಡುಗಿಯರ ಮನೆಗಳಲ್ಲಿಯೂ ಮೊದಲು ಕೇಳುವ ಮಾತು ಇದೇ ಆಗಿರುವುದರಿಂದ, ಇದಕ್ಕೆ ಉತ್ತರವಿಲ್ಲದೆ ನಮ್ಮ ಬರಹ ಪೂರ್ತಿಯಾಗದು.

ಹಾನಗಲ್ಲಿನ ಓದುಗಿ, ಹಾವೇರಿ ಜಿಲ್ಲೆ

ಅಕ್ಕೋರೇ, ನಾನು ಬ್ಯಾಂಕ್ ನೌಕರಳು, ಆಟಗಾರ್ತಿಯಲ್ಲ; ಆದರೆ ಕ್ರೀಡೆಯಲ್ಲಿ ಮಹಿಳೆಯರ ವೇತನದ ವಿಷಯವನ್ನು ಬಹುಕಾಲದಿಂದ ಆಸಕ್ತಿಯಿಂದ ಓದುತ್ತಿದ್ದೇನೆ. ಸಾಧನಕೇರಿಯ ಅಣ್ಣನವರು ಈ ಆಟ ಕೂಲಿಯ ಪ್ರಶ್ನೆಯಿಂದ ಹುಟ್ಟಿತೆಂದು ಬರೆದು ಮುಂದೆ ಸಾಗಿಬಿಟ್ಟಿದ್ದಾರೆ. ನನಗೆ ಕುತೂಹಲದ ಸಂಗತಿಯೇ ಅದು: ಕೆಲಸ ತಪ್ಪಿದ ದಿನದ ಕೂಲಿಗಾಗಿ 1895ರಲ್ಲಿ ಒಡೆದುಹೋದ ಆಟವು ತನ್ನ ಹೆಣ್ಣುಮಕ್ಕಳ ವಿಷಯದಲ್ಲಿ ಅದೇ ಲೆಕ್ಕವನ್ನು ಹಾಕಲು ನೂರಕ್ಕೂ ಹೆಚ್ಚು ವರ್ಷ ತೆಗೆದುಕೊಂಡಿತು.

ತಂಡದ ಮೊದಲ ತಲೆಮಾರಿನವರು ದುಡಿಮೆಯ ಜೊತೆಯಲ್ಲಿಯೇ ಆಡಿದವರು. ದೀರ್ಘಕಾಲ ಕ್ವೀನ್ಸ್‌ಲ್ಯಾಂಡ್ ಹಾಗೂ ಆಸ್ಟ್ರೇಲಿಯಾ ತಂಡಗಳ ನಾಯಕಿಯಾಗಿದ್ದ ಕ್ಯಾರಿನ್ ಮರ್ಫಿ ಪೊಲೀಸ್ ಅಧಿಕಾರಿ. 2017ರ ವಿಶ್ವಕಪ್ ತಂಡದ ನಾಯಕಿಯರಲ್ಲೊಬ್ಬರಾದ ರುವಾನ್ ಸಿಮ್ಸ್ ಅಗ್ನಿಶಾಮಕ ದಳದಲ್ಲಿದ್ದವರು. ಅವರ ಸಹೋದರರು ಇದೇ ಆಟವನ್ನು ವೃತ್ತಿಯಾಗಿ ಆಡುತ್ತಿದ್ದರು ಎಂಬುದನ್ನು ನೆನೆದರೆ ಒಂದೇ ಮನೆಯೊಳಗೆ ಎರಡು ಕಾಲಗಳಿದ್ದಂತೆ ತೋರುತ್ತದೆ. 1995ರ ತಂಡದಲ್ಲಿದ್ದ ಕ್ಯಾಟ್ರಿನಾ ಫ್ಯಾನಿಂಗ್ ಆಸ್ಟ್ರೇಲಿಯಾದ ಮೂಲನಿವಾಸಿ ವಿರಾಜುರಿ ಸಮುದಾಯದವರು. ಮರ್ಫಿ, ಫ್ಯಾನಿಂಗ್ ಸೇರಿದಂತೆ ಆರು ಮಹಿಳೆಯರಿಗೆ ಆ ದೇಶದ ರಗ್ಬಿ ಲೀಗಿನ ಗೌರವ ಪಟ್ಟಿಯಲ್ಲಿ ಮೊದಲ ಬಾರಿಗೆ ಸ್ಥಾನ ದೊರೆತದ್ದು 2024ರಲ್ಲಿ, ಅವರೆಲ್ಲ ಆಟ ಬಿಟ್ಟು ವರ್ಷಗಳೇ ಕಳೆದ ಮೇಲೆ.

ಬದಲಾವಣೆಯ ವರ್ಷ 2018. ಆ ವರ್ಷ ಎರಡು ಸಂಗತಿಗಳಾದವು. ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್ ಮಹಿಳೆಯರು 1999ರಿಂದ ಪ್ರತಿವರ್ಷ ಆಡುತ್ತಿದ್ದ ಅಂತರರಾಜ್ಯ ಪಂದ್ಯಕ್ಕೆ, ಪುರುಷರ ಪಂದ್ಯಗಳಂತೆಯೇ, ‘ಸ್ಟೇಟ್ ಆಫ್ ಒರಿಜಿನ್’ ಎಂಬ ಹೆಸರು ಮತ್ತು ಸ್ಥಾನ ಸಿಕ್ಕಿತು. ಬ್ರಿಸ್ಬೇನ್, ಸಿಡ್ನಿ, ಸೇಂಟ್ ಜಾರ್ಜ್ ಇಲವಾರಾ ಮತ್ತು ನ್ಯೂಜಿಲೆಂಡಿನ ವಾರಿಯರ್ಸ್ ಎಂಬ ನಾಲ್ಕು ತಂಡಗಳೊಂದಿಗೆ ಮಹಿಳೆಯರ ರಾಷ್ಟ್ರೀಯ ಲೀಗ್ ಪಂದ್ಯಾವಳಿಯೂ ಆರಂಭವಾಯಿತು. ಬ್ರಿಸ್ಬೇನ್ ಬ್ರಾಂಕೋಸ್ ಮೊದಲ ಮೂರು ವರ್ಷ ಸತತವಾಗಿ ಗೆದ್ದಿತು. ನಾಲ್ಕಿದ್ದ ತಂಡಗಳು 2023ಕ್ಕೆ ಹತ್ತಾದವು, 2025ಕ್ಕೆ ಹನ್ನೆರಡು. ಆದರೆ ಆರಂಭದ ವರ್ಷಗಳಲ್ಲಿ ಋತು ಕೆಲವೇ ವಾರಗಳದ್ದು, ಸಿಗುವ ಹಣದಲ್ಲಿ ಬದುಕು ನಡೆಯುತ್ತಿರಲಿಲ್ಲ. 2023ರಲ್ಲಿ ಆಟಗಾರ್ತಿಯರ ಸಂಘದೊಂದಿಗೆ ಆದ ಮೊದಲ ಸಾಮೂಹಿಕ ಒಪ್ಪಂದದಲ್ಲಿ ಕನಿಷ್ಠ ವೇತನ ವರ್ಷಕ್ಕೆ 30 ಸಾವಿರ ಆಸ್ಟ್ರೇಲಿಯನ್ ಡಾಲರ್ ಎಂದು ನಿಗದಿಯಾಗಿ, 2027ರ ವೇಳೆಗೆ 50 ಸಾವಿರ ದಾಟುವಂತೆ ಏರಿಕೆಯ ಹಾದಿಯೂ ಗೊತ್ತಾಯಿತು. ಆ ದೇಶದ ಖರ್ಚಿಗೆ ಇದು ದೊಡ್ಡ ಮೊತ್ತವೇನಲ್ಲ. ಈಗಲೂ ಹಲವರು ಪಕ್ಕದಲ್ಲಿ ಇನ್ನೊಂದು ಕೆಲಸವನ್ನು ಇಟ್ಟುಕೊಂಡಿದ್ದಾರೆ.

ಜನರಿಗೆ ಆಸಕ್ತಿಯಿಲ್ಲ ಎಂಬ ವಾದಕ್ಕೂ ಒಂದು ಮಾತು ಸೇರಿಸುತ್ತೇನೆ. 2024ರ ಜೂನ್‌ನಲ್ಲಿ ನ್ಯೂಕ್ಯಾಸಲ್ ನಗರದಲ್ಲಿ ನಡೆದ ಮಹಿಳೆಯರ ಒರಿಜಿನ್ ಪಂದ್ಯಕ್ಕೆ 25 ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ಕ್ವೀನ್ಸ್‌ಲ್ಯಾಂಡ್ ಕೊನೆಯ ಗಳಿಗೆಯಲ್ಲಿ 11–10ರಿಂದ ಗೆದ್ದ ರೋಚಕ ಪಂದ್ಯ ಅದು. 1921ರ 20 ಸಾವಿರವನ್ನು ಇದರೊಂದಿಗೆ ಹೋಲಿಸಿದರೆ, ಆಸಕ್ತಿ ಮೊದಲಿನಿಂದಲೂ ಇತ್ತು, ನಡುವೆ ಪಂದ್ಯಗಳೇ ಇರಲಿಲ್ಲ ಎನ್ನಬೇಕಾಗುತ್ತದೆ.

ಸಾಧನಕೇರಿ ವಾಸಿ, ಧಾರವಾಡ

ಹಾನಗಲ್ಲಿನ ತಂಗಿಯವರು ಬರೆದದ್ದನ್ನು ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ಸಂಬಳವೊಂದೇ ಎಲ್ಲವನ್ನೂ ವಿವರಿಸುವುದಿಲ್ಲ. ಜಿಲರೂಸ್ 2013ರಲ್ಲಿ ಮೊದಲ ಕಪ್ ಗೆದ್ದಾಗ ರಾಷ್ಟ್ರೀಯ ಲೀಗೂ ಇರಲಿಲ್ಲ, ಕನಿಷ್ಠ ವೇತನವೂ ಇರಲಿಲ್ಲ. ಕ್ವೀನ್ಸ್‌ಲ್ಯಾಂಡ್ ತಂಡವು 1999ರಿಂದ 2015ರವರೆಗೆ ಅಂತರರಾಜ್ಯ ಪಂದ್ಯದಲ್ಲಿ ಒಮ್ಮೆಯೂ ಸರಣಿ ಸೋಲದೆ ಉಳಿದದ್ದೂ ಸಂಬಳವಿಲ್ಲದ ಕಾಲದಲ್ಲಿಯೇ. ಹಣವಿಲ್ಲದಾಗಲೂ ಎರಡು ರಾಜ್ಯಗಳ ಹಟದ ಪೈಪೋಟಿ ತಂಡವನ್ನು ಜೀವಂತವಾಗಿಟ್ಟಿತ್ತು. ಹಣ ಬಂದದ್ದರಿಂದ ತಂಡಕ್ಕೆ ಆಯ್ಕೆಯಾಗಬಲ್ಲವರ ಸಂಖ್ಯೆ ಹೆಚ್ಚಿತು ಎಂದರೆ ಹೆಚ್ಚು ಸರಿಯಾದೀತು.

ಹಳೇ ಕ್ಯಾಚರ್, ಹುಬ್ಬಳ್ಳಿ

ಅಣ್ಣಾವರ ತಿದ್ದುಪಡಿ ನ್ಯಾಯವಾದದ್ದು. ಅಕ್ಕೋರೇ, ಕೊನೆಯದಾಗಿ ಒಂದು ವಿನಂತಿ. ಹುಡುಗಿಯರಿಗೆ ಪೂರ್ತಿ ಪಂದ್ಯವೊಂದನ್ನು ತೋರಿಸುವುದಾದರೆ ಲಾಸ್ ವೇಗಸ್ ಪಂದ್ಯದ ಬದಲು 2023ರ ಅಕ್ಟೋಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ನಡೆದದ್ದನ್ನು ತೋರಿಸಿರಿ. ವಿಶ್ವಕಪ್ ಫೈನಲ್‌ನಲ್ಲಿ 54–4ರಿಂದ ಸೋತು ಒಂದು ವರ್ಷವೂ ತುಂಬಿರದ ನ್ಯೂಜಿಲೆಂಡ್ ಅಲ್ಲಿ ಇದೇ ಜಿಲರೂಸ್ ತಂಡವನ್ನು 12–6ರಿಂದ ಸೋಲಿಸಿತು. ರಕ್ಷಣೆಯ ಸಾಲು ಹೇಗೆ ಒಟ್ಟಾಗಿ ಮುಂದೆ ಬರುತ್ತದೆ, ಇಬ್ಬರು ಮೂವರು ಸೇರಿ ಒಬ್ಬಳನ್ನು ಹೇಗೆ ಹಿಡಿಯುತ್ತಾರೆ ಎಂಬುದನ್ನು ನಿಮ್ಮ ಕಾರ್ನರ್ ಮತ್ತು ಕವರ್ ಆಟಗಾರ್ತಿಯರು ಅದರಲ್ಲಿ ನೋಡಿ ಕಲಿಯಬಹುದು. ಮುಂದಿನ ವಿಶ್ವಕಪ್ಪಿನ ವಿಷಯವನ್ನೂ ಭಿತ್ತಿಪತ್ರಿಕೆಯಲ್ಲಿ ಸೇರಿಸಬಹುದು: ಫ್ರಾನ್ಸ್ 2025ರ ಆತಿಥ್ಯದಿಂದ ಹಿಂದೆ ಸರಿದದ್ದರಿಂದ ಅದು 2026ಕ್ಕೆ ಹೋಗಿ ಆಸ್ಟ್ರೇಲಿಯಾದ ಪಾಲಿಗೆ ಬಂದಿದೆ.