ಮನೆ ಮುಂದೆ ನೆರಳಿಗೆ ದ್ರಾಕ್ಷಿ ಚಪ್ಪರ: ಬಳ್ಳಿ ಯಾವಾಗ ಕತ್ತರಿಸಬೇಕು?

ಪ್ರಶ್ನೆ: ನಮಸ್ಕಾರ ಸಾರ್. ನಮ್ಮದು ಚಿಕ್ಕಬಳ್ಳಾಪುರದ ಹತ್ತಿರ ಒಂದು ಹಳ್ಳಿ, ಮನೆ ಬಾಗಿಲು ಪಶ್ಚಿಮಕ್ಕಿದೆ. ಅಂಗಳ 12 ಅಡಿಗೆ 16 ಅಡಿ, ಟೈಲ್ಸ್ ಹಾಕಿಸಿದ್ದೇವೆ. ಮಾರ್ಚ್ ಬಂತೆಂದರೆ ಕಾಲಿಡಲು ಆಗುವುದಿಲ್ಲ, ನಮ್ಮತ್ತೆಗೆ ಸಂಜೆ ಹೊರಗೆ ಕೂರದಿದ್ದರೆ ಸಮಾಧಾನವಿಲ್ಲ. ಸರ್ವೆ ಕಂಬ ನೆಟ್ಟು ದ್ರಾಕ್ಷಿ ಹಬ್ಬಿಸಿದ್ದೆವು. ತೋಟದವರು ಹೇಳಿದರೆಂದು ಏಪ್ರಿಲ್‌ನಲ್ಲಿ ಬಳ್ಳಿ ಕತ್ತರಿಸಿದೆವು, ಬೇಸಿಗೆಯಲ್ಲೇ ನೆರಳು ಹೋಯಿತು. ಮೇ ತಿಂಗಳ ಗಾಳಿಮಳೆಗೆ ಚಪ್ಪರವೇ ಮಲಗಿತು. ಮತ್ತೆ ಹೇಗೆ ಮಾಡಲಿ?

ಉತ್ತರ: ಅಕ್ಕಾ, ತೋಟದವರು ಹೇಳಿದ್ದು ಸುಳ್ಳಲ್ಲ, ಅದು ತೋಟಕ್ಕೆ. ಅವರು ಏಪ್ರಿಲ್‌ನಲ್ಲಿ ಪ್ರೂನಿಂಗ್ ಮಾಡುವುದು ಮುಂದೆ ಹಣ್ಣು ಬಿಡುವ ಕಡ್ಡಿ ಬೆಳೆಸಲು, ಅಕ್ಟೋಬರ್‌ನಲ್ಲಿ ಮಾಡುವುದು ಹಣ್ಣಿಗೆ. ನಿಮಗೆ ಬೇಕಿರುವುದು ನೆರಳು. ನಮ್ಮ ಕಡೆ ಚಳಿಗೆ ದ್ರಾಕ್ಷಿ ಪೂರ್ತಿ ಎಲೆ ಉದುರಿಸುವುದಿಲ್ಲ, ಕತ್ತರಿ ಹಾಕಿದಾಗಲೇ ಬೋಳಾಗುವುದು. ಹಾಗಾಗಿ ನೀವು ಸಂಕ್ರಾಂತಿ ಆಸುಪಾಸಿನಲ್ಲಿ ಕತ್ತರಿಸಿ. ಎರಡು ತಿಂಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ, ಮಾರ್ಚ್ ಬಿಸಿಲಿಗೆ ಸರಿಯಾಗಿ ಎಲೆ ಇರುತ್ತದೆ.

ತಳಿ ಬೆಂಗಳೂರು ಬ್ಲೂ ಹಾಕಿ, ಬೇರೆ ಯೋಚನೆ ಬೇಡ. ದಿಲ್‌ಖುಷ್, ಸೀಡ್‌ಲೆಸ್ ಎಲ್ಲ ರುಚಿಯೇ, ಆದರೆ ಔಷಧಿ ಜಾಸ್ತಿ ಕೇಳುತ್ತವೆ, ಅಜ್ಜಿ ಕೂರುವ ಜಾಗದ ತಲೆ ಮೇಲೆ ವಾರವಾರ ಸಿಂಪಡಿಸಲು ನನಗಂತೂ ಮನಸ್ಸು ಬರುವುದಿಲ್ಲ. ಬ್ಲೂ ಗಟ್ಟಿ ಜಾತಿ, ನಮ್ಮ ನಂದಿ ಸುತ್ತಮುತ್ತ ಎರಡು ವರ್ಷಕ್ಕೆ ಐದು ಬೆಳೆ ತೆಗೆಯುವವರಿದ್ದಾರೆ. ನಿಮ್ಮ ಅಂಗಳಕ್ಕೆ ಎರಡೇ ಬಳ್ಳಿ ಸಾಕು. ನಾಲ್ಕು ಹಾಕಿದರೆ ಒಂದರ ಮೇಲೊಂದು ಬಿದ್ದು ಗಾಳಿಯಾಡದೆ ರೋಗ ಬರುತ್ತದೆ.

ಈಗ ಕಂಬದ ವಿಷಯ. ಸರ್ವೆ ಕಂಬ ಮಣ್ಣಿನೊಳಗೆ ಕೊಳೆಯುತ್ತದೆ, ಅದಕ್ಕೇ ಬಿದ್ದಿದೆ. ಕಲ್ಲು ಕೂಚ, ಅಂದರೆ ಕಲ್ಲಿನ ಕಂಬ ಹಾಕಿ, ಎರಡು ಅಡಿ ಹೂಳಿ, ಮೇಲೆ ಏಳು ಅಡಿ ಉಳಿಯಲಿ. ಮೂಲೆ ಕಂಬಗಳನ್ನು ಸ್ವಲ್ಪ ಹೊರಕ್ಕೆ ವಾಲಿಸಿ ನಿಲ್ಲಿಸಿ, ಹೊರಗಡೆ ಒಂದು ಕಲ್ಲು ಹೂತು ತಂತಿಯಿಂದ ಬಿಗಿಯಾಗಿ ಎಳೆದು ಕಟ್ಟಿ. ಇದೊಂದನ್ನು ಬಿಟ್ಟರೆ ಮೇಲಿನ ತಂತಿ ಎಷ್ಟು ದಪ್ಪ ಇದ್ದರೂ ಜೋತು ಬೀಳುತ್ತದೆ, ಮಳೆಯಲ್ಲಿ ನೆನೆದ ಎಲೆ ಮತ್ತು ಹಣ್ಣಿನ ಭಾರ ಸುಮ್ನೆ ಅಲ್ಲ. ಮೇಲೆ ಜಿ.ಐ. ತಂತಿಯನ್ನು ಒಂದೂವರೆ ಅಡಿ ಚೌಕಕ್ಕೆ ಹೆಣೆಯಿರಿ.

ಮತ್ತೆ ನಿಮ್ಮದು ಪಶ್ಚಿಮದ ಬಾಗಿಲು ಅಲ್ವಾ, ನಾಲ್ಕು ಗಂಟೆ ಬಿಸಿಲು ಚಪ್ಪರದ ಕೆಳಗಿಂದ ಓರೆಯಾಗಿ ನುಗ್ಗುತ್ತದೆ. ಆ ಕಡೆ ಕಂಬಗಳ ನಡುವೆ ಅಡ್ಡಡ್ಡ ನಾಲ್ಕು ತಂತಿ ಎಳೆದು ಒಂದೆರಡು ಕೊಂಬೆ ಇಳಿಬಿಡಿ. ಸಂಜೆ ಕೂರುವವರಿಗೆ ತಲೆ ಮೇಲಿನ ನೆರಳಿಗಿಂತ ಇದೇ ಮುಖ್ಯ.

ಪ್ರಶ್ನೆ: ತುಂಬಾ ಉಪಕಾರ ಸಾರ್. ಹಳೇ ಬಳ್ಳಿಯ ಬುಡ ಇನ್ನೂ ಜೀವಂತ ಇದೆ, ಕಿತ್ತು ಬೇರೆ ಹಾಕಬೇಕಾ? ಟೈಲ್ಸ್ ಮೇಲೆ ಹಣ್ಣು ಬಿದ್ದರೆ ಕಲೆ ಆಗುತ್ತದೆಯಾ?

ಉತ್ತರ: ಕೀಳಬೇಡಿ ಅಕ್ಕಾ! ಬೇರು ಊರಿರುವ ಬಳ್ಳಿ, ಹೊಸದಕ್ಕಿಂತ ಬೇಗ ಏರುತ್ತದೆ. ಬುಡದಿಂದ ಬಲವಾದ ಒಂದೇ ಚಿಗುರು ಉಳಿಸಿ, ಕೋಲಿಗೆ ಕಟ್ಟಿ ನೇರ ಬೆಳೆಸಿ, ಪಕ್ಕದ ಚಿಗುರು ಮುರಿಯುತ್ತಿರಿ. ತಂತಿಗೆ ಅರ್ಧ ಅಡಿ ಇರುವಾಗ ತುದಿ ಚಿವುಟಿ ಎರಡು ಕಡೆಗೆ ಎರಡು ತೋಳು ಬಿಡಿ. ಇನ್ನೊಂದು ಬಳ್ಳಿ ಬೇಕಾದರೆ ಇದರದ್ದೇ ಕಡ್ಡಿ ನೆಟ್ಟರೆ ಸಾಕು, ನಾಲ್ಕು ಕಣ್ಣು (ಚಿಗುರೊಡೆಯುವ ಗೆಣ್ಣು) ಇರುವುದು.

ಕಲೆ ಆಗುತ್ತದೆ, ಬ್ಲೂ ಹಣ್ಣಿನ ರಸದ ಕಲೆ ಸುಲಭಕ್ಕೆ ಹೋಗುವುದಿಲ್ಲ. ಕುರ್ಚಿ ಹಾಕುವ ಜಾಗದ ಮೇಲಿನ ಹೂಗೊಂಚಲನ್ನು ಮೊದಲೇ ತೆಗೆದುಬಿಡಿ, ಇಲ್ಲದಿದ್ದರೆ ಹಣ್ಣಿಗೆ ಜೇನು, ಕಣಜ ಬರುತ್ತವೆ.

ಪ್ರಶ್ನೆ: ಮಧ್ಯೆ ಕೇಳುತ್ತಿದ್ದೇನೆ ಅಣ್ಣಾ, ನಾನು ಶಿಡ್ಲಘಟ್ಟದವನು. ಪ್ರೂನಿಂಗ್ ಆದ ಮೇಲೆ ಮನೆ ಬಳ್ಳಿಗೂ ರೋಗ ಬರದಂತೆ ಬೋರ್ಡೋ ದ್ರಾವಣ ಹೊಡೆಯಬೇಕಾ?

ಉತ್ತರ: ಹೊಡೆಯಿರಿ ತಮ್ಮಾ, ಕತ್ತರಿಸಿದ ಗಾಯಕ್ಕೆ ಅದೇ ಒಳ್ಳೆಯದು. ನೂರು ಗ್ರಾಂ ಮೈಲುತುತ್ತ, ನೂರು ಗ್ರಾಂ ಸುಣ್ಣ, ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಕರಗಿಸಿ, ಎರಡನ್ನೂ ಸೇರಿಸಿ ಹತ್ತು ಲೀಟರ್ ಮಾಡಿ. ಕಬ್ಬಿಣದ ಬಕೆಟ್ ಬೇಡ. ಚಾಕು ಅದ್ದಿ ನೋಡಿ, ಅಲಗು ಕೆಂಪಾದರೆ ಸುಣ್ಣ ಕಡಿಮೆಯಾಗಿದೆ, ಇನ್ನೊಂದಿಷ್ಟು ಹಾಕಿ. ಅಂದೇ ಮಾಡಿ ಅಂದೇ ಮುಗಿಸಿ, ಮಾರನೇ ದಿನಕ್ಕೆ ಇಡಬೇಡಿ.