ಮಗಳ ಬುದ್ಧಿ ಬೆಳಿಲಿಕ್ಕೆ ಟ್ಯಾಬ್ ಕೊಡಿಸಲೇಬೇಕೇನ್ರಿ?

ಪ್ರಶ್ನೆ: ಗಂಗಾವತಿ ಹತ್ತಿರದ ಹಳ್ಳಿಯಿಂದ
ನಮಸ್ಕಾರ್ರಿ. ನಾನು ರೈಸ್ ಮಿಲ್‌ನ್ಯಾಗ ಮಷಿನ್ ನೋಡ್ಕೋತೀನಿ. ನಾನೂ ನಮ್ಮ ಮನಿಯಾಕಿನೂ ಎಸ್ಸೆಸ್ಸೆಲ್ಸಿ ಅಷ್ಟ. ಮಗಳು ಇಂಗ್ಲಿಷ್ ಮೀಡಿಯಂ ಒಂದನೇತ್ತ. ದಿನಾ ಕೇಳ್ತಾಳ: ಭತ್ತದ ಹೊಟ್ಟು ಯಾಕ ಹಗುರ, ಕಾಲುವಿ ನೀರು ರಾತ್ರಿನೂ ಹರಿತದೇನು. ಕಲಿಯೋ ಟ್ಯಾಬ್, ಅಬ್ಯಾಕಸ್ ಕ್ಲಾಸ್ ಎರಡೂ ಸೇರಿ 18,000 ರೂಪಾಯಿ ಅಂತಾರ. ಸಾಲ ಮಾಡಿ ಕೊಡಿಸಬೇಕೇನು? ನಮಗ ಇಂಗ್ಲಿಷ್ ಬರಂಗಿಲ್ಲ, ಅದ ಚಿಂತಿ.

ಉತ್ತರ: ಕೊಪ್ಪಳ, ಕಿರಾಣಿ ಅಂಗಡಿ
ಅಣ್ಣಾರ, ಸಾಲ ಮಾಡಬ್ಯಾಡ್ರಿ. ಹೊಟ್ಟು ಯಾಕ ಹಗುರ ಅಂತ ಕೇಳೋ ಕೂಸು ಸಿಕ್ಕಿದ್ದು ನಿಮ್ಮ ಪುಣ್ಯ. ಒಂದು ಹಿಡಿ ಹೊಟ್ಟು, ಒಂದು ಹಿಡಿ ಅಕ್ಕಿ ಮನಿಗೆ ಒಯ್ರಿ, ಬಕೆಟ್ ನೀರು ಮುಂದ ಇಡ್ರಿ. ಹಾಕೋದಕ್ಕಿಂತ ಮೊದಲ ‘ಯಾವುದು ತೇಲ್ತದ?’ ಅಂತ ಕೇಳ್ರಿ. ಆಕಿ ಹೇಳೋತನಕ ನೀವು ಬಾಯಿ ಬಿಡಬ್ಯಾಡ್ರಿ.

ನನ್ನ ಮಗ ಶೇಂಗಾ ಪೊಟ್ಟಣ ಕಟ್ಟಿ, ಅಂಗೈಮ್ಯಾಲ ಆಡಿಸಿ ‘ಕಾಲು ಕೆಜಿ’ ಅಂತಿದ್ದ. ಕಾಟಾದ ಮ್ಯಾಲ ಇಟ್ರ 350 ಗ್ರಾಂ. ತಪ್ಪು ಅಂತ ನಾನು ಅನ್ನತಿರಲಿಲ್ಲ, ‘ಎಷ್ಟು ತಗದ್ರ ಸರಿ ಆಗ್ತದಪ್ಪಾ?’ ಅಂತಿದ್ದೆ. ಅವನೇ ಬೆರಳಿನಿಂದ ಒಂದೊಂದ ಬೀಜ ಕಡಿಮಿ ಮಾಡ್ಕೋತ ಕಾಟಾದ ಅಂಕಿ ನೋಡ್ತಿದ್ದ. ಗಿರಾಕಿ ಕಾಯ್ತಿದ್ರೂ ಅವಸರ ಮಾಡಲಿಲ್ಲ. ಈಗ ಚುರಮರಿ ಚೀಲ ಅಷ್ಟು ದೊಡ್ಡದಿದ್ರೂ ಯಾಕ ತೂಗಂಗಿಲ್ಲ ಅಂತ ಅವನೇ ಬಂದವರಿಗೆ ತಿಳಿಸಿ ಹೇಳ್ತಾನ. ಅಬ್ಯಾಕಸ್‌ನಿಂದ ಕೂಡೋದು ಕಳಿಯೋದು ಜೋರಾಗಬಹುದು. ‘ಯಾಕ’ ಅನ್ನೋದಕ್ಕ ನೀವ ಬೇಕು.

ಉತ್ತರ: ಸಿಂಧನೂರು, ಪ್ರಾಥಮಿಕ ಶಾಲಾ ಶಿಕ್ಷಕ
ಕೊಪ್ಪಳದ ಕಿರಾಣಿ ಅಂಗಡಿ ಅಕ್ಕನವರ ಮಾತು ಸರಿ. ಇಂಗ್ಲಿಷ್ ಬರಲ್ಲ ಅಂತ ಮಗು ಜೊತೆ ಮಾತು ಕಡಿಮೆ ಮಾಡಬೇಡಿ ಸರ್. ಮನೆ ಮಾತಲ್ಲಿ ಕಾರಣ ಹೇಳಿ, ವಾದ ಮಾಡಿ ಬೆಳೆದ ಮಗು ತರಗತಿಯಲ್ಲೂ ಬಾಯಿ ಬಿಡುತ್ತೆ. ನಿಮ್ಮ ಪಂಚಾಯ್ತಿ ಗ್ರಂಥಾಲಯದಲ್ಲಿ, ಈಗ ಅರಿವು ಕೇಂದ್ರ ಅಂತಾರೆ, ವಿಚಾರಿಸಿ. 2020ರ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿದ್ದಾರೆ. ಚಿತ್ರ ಇರೋ ಪುಸ್ತಕ ತನ್ನಿ. ರಾತ್ರಿ ನೀವು ಓದಿ, ಮುಂದಿನ ಪುಟದಲ್ಲಿ ಏನಾಗಬಹುದು ಅಂತ ಅವಳು ಹೇಳಲಿ.

ಪ್ರಶ್ನೆ ಕೇಳಿದವರು
ಮಾಡಿದಿವ್ರಿ! ಎರಡೂ ತೇಲ್ತಾವ ಅಂದ್ಲು. ಅಕ್ಕಿ ಮುಳುಗಿದ ಕೂಡಲೆ ‘ಹಂಗಾದ್ರ ಭತ್ತ?’ ಅಂದ್ಲು. ನಾಳೆ ಭತ್ತ ತರ್ತೀನಿ. ರವಿವಾರ ಎಲ್ಲಿಗೆ ಕರಕೊಂಡು ಹೋಗಲಿ?

ಉತ್ತರ: ಬಳ್ಳಾರಿ
ನಿಮ್ಮ ಪಕ್ಕದಲ್ಲೇ ಹಿರೇಬೆಣಕಲ್ ಇದೆಯಲ್ರೀ! ಬೃಹತ್ ಶಿಲಾಯುಗದ ಕಲ್ಲುಮನೆಗಳು, ಅಂದ್ರೆ ಆ ಕಾಲದವರು ಕಲ್ಲು ಚಪ್ಪಡಿ ನಿಲ್ಲಿಸಿ ಕಟ್ಟಿದ ಸಮಾಧಿಗಳು, 2021ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ತಾಣಗಳ ತಾತ್ಕಾಲಿಕ ಪಟ್ಟಿಗೆ ಸೇರಿವೆ. ಕೆಲವು ಕಲ್ಲಿಗೆ ದುಂಡನೆ ಕಂಡಿ ಕೊರೆದಿದ್ದಾರೆ. ಕ್ರೇನ್ ಇಲ್ಲದೆ ಅಷ್ಟು ದೊಡ್ಡ ಚಪ್ಪಡಿ ಹೆಂಗೆ ಎತ್ತಿ ನಿಲ್ಲಿಸಿದ್ರು ಅಂತ ಮಗಳನ್ನೇ ಕೇಳಿ. ಗುಡ್ಡ ಹತ್ತಬೇಕು, ಮುಂಜಾನೆ ಬೇಗ ಹೊರಡಿ, ನೀರು ಹೆಚ್ಚಿಗೆ ಒಯ್ಯಿರಿ.